‘ಬಿಟ್ಟೆ ಮೇಡಂ’ ಅಂದವನ ನಾಲ್ಕು ಕುಡಿತಗಳು

ಮೊದಲ ದಿನ ಅವನು ನನ್ನೆದುರು ಆಡಿದ್ದು ಎರಡೇ ಮಾತು: ‘ಆಯ್ತು ಮೇಡಂ’, ‘ಬಿಟ್ಟೆ ಮೇಡಂ’. ಒಂದು ಪಕ್ಕ ಅವನ ಅವ್ವ, ಇನ್ನೊಂದು ಪಕ್ಕ ಸೋದರಮಾವ, ನಡುವೆ ಇವನು. ಮಾವ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದ. ಆ ಭೇಟಿಯ ಟಿಪ್ಪಣಿಯ ಕೊನೆಗೆ ನಾನು ‘ಬದಲಾಗಲು ಸಿದ್ಧನಿದ್ದಾನೆ’ ಎಂದು ಬರೆದಿಟ್ಟೆ. ಬರೆದದ್ದು ತಪ್ಪು ಎಂದು ತಿಳಿಯಲು ಮೂರು ವಾರ ಬೇಕಾಯಿತು.

ಕೊಡಗಿನ ಒಂದು ಸಣ್ಣ ಚಿಕಿತ್ಸಾಲಯದಲ್ಲಿ ನಾನು ವಾರಕ್ಕೆರಡು ದಿನ ಆಪ್ತಸಮಾಲೋಚಕಿಯಾಗಿ ಕೂರುತ್ತೇನೆ. ಗುರುತು ಸಿಗಬಾರದೆಂದು ಮನೆಯ, ಊರಿನ ಕೆಲವು ವಿವರ ಬದಲಿಸಿದ್ದೇನೆ. ಹೆಸರೂ ಬೇಡ, ಜೀಪಿನ ಹುಡುಗ ಅಂದರೆ ಸಾಕು.

ವಯಸ್ಸು 24. ಸೋಮವಾರಪೇಟೆ ಕಡೆಯ ಕನ್ನಡ ಮನೆಮಾತಿನ ಒಕ್ಕಲು ಕುಟುಂಬ. ಎರಡು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಒಂದಿಷ್ಟು ಮೆಣಸು. ಐಟಿಐ ಮುಗಿಸಿ ಬೆಂಗಳೂರಿಗೆ ಹೋಗಿದ್ದವನು 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದ, ತಿರುಗಿ ಹೋಗಲಿಲ್ಲ. ಈಗ ಜೀಪ್ ಡ್ರೈವರ್. ಹೋಂಸ್ಟೇಗಳಲ್ಲಿ ಉಳಿದವರನ್ನು ಸೂರ್ಯ ಹುಟ್ಟುವ ಮೊದಲು ಮಾಂದಲ್‌ಪಟ್ಟಿಗೆ ಹತ್ತಿಸುವುದು ಅವನ ಕೆಲಸ. ಜೀಪು ಬೇರೆಯವರದು.

ನವೆಂಬರಿನ ಒಂದು ಭಾನುವಾರ ಬೆಳಗಿನ ಜಾವ ಹೋಂಸ್ಟೇ ಅಂಗಳದಲ್ಲಿ ಆರು ಜನ ಸ್ವೆಟರ್ ಹಾಕಿಕೊಂಡು ಕಾದೇ ಕಾದರು, ಜೀಪ್ ಬರಲಿಲ್ಲ. ಎರಡು ಕಿಲೋಮೀಟರ್ ಕೆಳಗೆ ರಸ್ತೆ ಪಕ್ಕಕ್ಕೆ ಹಾಕಿ ಇವನು ಸ್ಟೀರಿಂಗ್ ಮೇಲೆ ತಲೆಯಿಟ್ಟು ಮಲಗಿದ್ದ. ಮಾಲೀಕ ಕೀ ಕಿತ್ತುಕೊಂಡ. ಮಧ್ಯಾಹ್ನದೊಳಗೆ ಸುದ್ದಿ ಅವ್ವನಿಗೆ ಮುಟ್ಟಿತು, ಬುಧವಾರ ಮೂವರೂ ನನ್ನ ಮುಂದೆ.

ಅವ್ವನ ಕೋಪಕ್ಕೆ ಹಳೆಯ ಬೇರಿತ್ತು. ಅವರ ಅಪ್ಪ ಪ್ಯಾಕೆಟ್ ಸಾರಾಯಿ ಕುಡಿದೇ ತೀರಿಕೊಂಡವರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಮನೆಯಲ್ಲಿ ಪಾಯಸ ಮಾಡಿದ್ದರಂತೆ. ‘ಆ ಪ್ಯಾಕೆಟ್ ಹೋಯ್ತು, ಈ ಪ್ಯಾಕೆಟ್ ಬಂತು ಮೇಡಂ’ ಎಂದು ಮಗನ ಜೇಬಿನಲ್ಲಿ ಸಿಕ್ಕಿದ್ದ ‘ನೈಂಟಿ’ಯ ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಮಾವನಿಗೆ ಎರಡು ದಾರಿ ಗೊತ್ತಿತ್ತು: ಒಂದೋ ಮಂಜುನಾಥನ ಮೇಲೆ ಆಣೆ ಹಾಕಿಸುವುದು, ಇಲ್ಲವೇ ಧರ್ಮಸ್ಥಳದ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರಕ್ಕೆ ಸೇರಿಸುವುದು. ಎರಡಕ್ಕೂ ಹುಡುಗ ‘ಆಯ್ತು’ ಅಂದ. ನಾನು ಯಕೃತ್ತಿನ ಬಗ್ಗೆ ನಾಲ್ಕು ಮಾತು ಹೇಳಿದೆ. ಅದಕ್ಕೂ ‘ಆಯ್ತು’. ಅಳತೆಗೋಲು ತೋರಿಸಿ, ಕುಡಿತ ಕಡಿಮೆ ಮಾಡುವುದು ನಿನಗೆ ಎಷ್ಟು ಮುಖ್ಯ, ಸೊನ್ನೆಯಿಂದ ಹತ್ತರೊಳಗೆ ಹೇಳು ಅಂದೆ. ‘ಎಂಟು.’ ಸಾಧ್ಯ ಅನ್ನುವ ಧೈರ್ಯ ಎಷ್ಟು? ‘ಒಂಬತ್ತು.’

ಅಷ್ಟು ಸಲೀಸಾಗಿ ಬಂದ ಒಂಬತ್ತನ್ನು ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ನಿಜಕ್ಕೂ ಬಿಡಲು ಹೊರಟವರು ಧೈರ್ಯದ ಪ್ರಶ್ನೆಗೆ ತಡವರಿಸುತ್ತಾರೆ. ಸಂಕ್ರಾಂತಿ ಹೇಗೆ, ಶನಿವಾರ ಹೇಗೆ, ಆ ಗೆಳೆಯ ಕರೆದರೆ ಏನು ಹೇಳಲಿ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿರುತ್ತಾರೆ. ಲೆಕ್ಕವನ್ನೇ ಹಾಕದವನಿಗೆ ಎಲ್ಲವೂ ಸುಲಭ. ನಾನು ಮಾಡಿದ ಇನ್ನೊಂದು ತಪ್ಪೂ ಇದೆ: ಮಾವ ಅವನನ್ನು ಏಕವಚನದಲ್ಲಿ ಗದರುತ್ತಿದ್ದರು, ನಾನೂ ಅದೇ ಓಘದಲ್ಲಿ ‘ನೀನು’ ಅಂದುಬಿಟ್ಟೆ. ಮೂವರು ಹಿರಿಯರು, ಒಬ್ಬ ಆರೋಪಿ.

ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಮೂರನೇ ವಾರ ಒಬ್ಬನೇ ಬಂದ. ಬಂದು ಹೋದ ಚೀಟಿ ತೋರಿಸಿದರೆ ಜೀಪಿನ ಕೀ ಕೊಡುತ್ತೇನೆ ಎಂದು ಮಾಲೀಕ ಹೇಳಿದ್ದನಂತೆ. ಒಳ್ಳೆಯ ಕಾರಣವೇ. ಈ ಸಲ ‘ನೀವು’ ಅಂದೆ. ಅವನು ತಲೆಯೆತ್ತಿ ಒಮ್ಮೆ ನೋಡಿದ. ಬಾಗಿಲು ಹಾಕಿ, ನೀವು ಇಲ್ಲಿ ಹೇಳಿದ್ದು ಅವ್ವನಿಗೂ ಹೋಗುವುದಿಲ್ಲ, ಮಾಲೀಕರಿಗೂ ಹೋಗುವುದಿಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹಾಗೆ ಹೇಳುತ್ತದೆ ಎಂದೆ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಬೇರೆ ಮಾತು.

‘ಹಾಗಾದ್ರೆ ಹೇಳ್ತೇನೆ’ ಅಂದ. ‘ನಾನು ಕುಡುಕ ಅಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹಾಕುವವರು ಕುಡುಕರು. ನಾನು ಇವತ್ತಿನವರೆಗೂ ಕುಡಿದು ಸ್ಟೀರಿಂಗ್ ಹಿಡಿದವನಲ್ಲ.’

ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ. ಒಂದು ತುದಿಗೆ ‘ಕುಡುಕ’, ಇನ್ನೊಂದು ತುದಿಗೆ ‘ಅವನು ಮುಟ್ಟೋದಿಲ್ಲ’. ನಡುವೆ ಇರುವ ಸಾವಿರಾರು ಹುಡುಗರಿಗೆ ಹೆಸರಿಲ್ಲ. ‘ಅಪಾಯಕಾರಿ ಕುಡಿತ’ ಎಂಬುದು ತರಬೇತಿ ಪುಸ್ತಕದ ಪದ, ಯಾರ ಬಾಯಲ್ಲೂ ಬರುವುದಿಲ್ಲ. ಸಹಾಯ ಬೇಕು ಅನ್ನಲು ಮೊದಲು ಕುಡುಕ ಎಂದು ಒಪ್ಪಿಕೊಳ್ಳಬೇಕಾದರೆ ಯಾವ 24ರ ಹುಡುಗ ಒಪ್ಪುತ್ತಾನೆ? ಆ ಪದವನ್ನು ಆಮೇಲೆ ನಾನು ಒಂದು ಸಲವೂ ಬಳಸಲಿಲ್ಲ.

ಪೆಗ್ಗಿನ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನು ನಾವು ಬಳಸುತ್ತೇವೆ. ಒಟ್ಟು 40 ಅಂಕ. 8 ಮುಟ್ಟಿದರೆ ಅಪಾಯದ ಕುಡಿತ, 16ರಿಂದ 19 ಆದರೆ ಆಗಲೇ ಹಾನಿ ಮಾಡುತ್ತಿರುವ ಕುಡಿತ, 20 ಮುಟ್ಟಿದರೆ ವ್ಯಸನ ಇದೆಯೇ ಎಂದು ವೈದ್ಯರು ನೋಡಬೇಕು. ಮೊದಲ ದಿನ ಅವ್ವನ ಎದುರು ಅವನಿಗೆ ಬಂದದ್ದು 13.

ಈ ಸಲ ಪ್ರಶ್ನೆ ಕೇಳುವ ಮೊದಲು ಲೋಟ ತಂದು ನೀರು ಸುರಿಸಿದೆ. ‘ನಿಮ್ಮ ಒಂದು ಪೆಗ್ ಎಷ್ಟು ಅಂತ ತೋರಿಸಿ.’ ಸುರಿದದ್ದನ್ನು ಅಳೆದರೆ 90 ಮಿ.ಲೀ. ಪಟ್ಟಿಯಲ್ಲಿ ‘ಒಂದು ಡ್ರಿಂಕ್’ ಅಂದರೆ 10 ಗ್ರಾಂ ಶುದ್ಧ ಮದ್ಯಸಾರ. ನಮ್ಮಲ್ಲಿ ಸಿಗುವ 42.8 ಶೇಕಡದ ವಿಸ್ಕಿ, ರಮ್ಮುಗಳಲ್ಲಿ ಅದು 30 ಮಿ.ಲೀ.ಗೆ ಬಂದುಬಿಡುತ್ತದೆ. ಅಂದರೆ 180ರ ಒಂದು ಕ್ವಾರ್ಟರ್‌ಗೆ ಆರು ಡ್ರಿಂಕ್. ‘ಬಿಯರು ಲೆಕ್ಕಕ್ಕಿಲ್ಲ’ ಅನ್ನುವವರ 650ರ ಸ್ಟ್ರಾಂಗ್ ಬಾಟಲಿಯಲ್ಲಿ ಮೂರೂವರೆಯಿಂದ ನಾಲ್ಕು. ಇವನ ‘ಮೂರೇ ಪೆಗ್’ ಅಂದರೆ ಒಂದೂವರೆ ಕ್ವಾರ್ಟರ್, ಒಂಬತ್ತು ಡ್ರಿಂಕ್. ಅಳತೆ ಸರಿಹೋದ ಮೇಲೆ ಅವನೇ ಮತ್ತೆ ಉತ್ತರ ತುಂಬಿದ. 19.

ಇಪ್ಪತ್ತಕ್ಕೆ ಒಂದೇ ಅಂಕ ಕಡಿಮೆ, ಆದ್ದರಿಂದ ಇನ್ನೂ ಕೆಲವನ್ನು ಕೇಳಿದೆ. ಕುಡಿಯದ ಮರುದಿನ ಕೈ ನಡುಗುತ್ತದೆಯೇ? ಬೆವರು? ವಾಂತಿ? ಯಾವತ್ತಾದರೂ ಫಿಟ್ಸ್? ಯಾವುದೂ ಇರಲಿಲ್ಲ. ಇದ್ದಿದ್ದರೆ ಈ ಬರಹವೇ ಬೇರೆಯಾಗುತ್ತಿತ್ತು. ದಿನವೂ ಕುಡಿದು ದೇಹ ಒಗ್ಗಿಹೋದವರು ಆಣೆ ಹಾಕಿ ಮನೆಯಲ್ಲೇ ಒಂದೇ ಸಲ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು. ಅಂಥವರನ್ನು ವೈದ್ಯರ ಕಣ್ಣೆದುರೇ ಬಿಡಿಸಬೇಕು. ಮಾವಂದಿರು ಇದನ್ನು ತಿಳಿದಿರುವುದು ಒಳ್ಳೆಯದು.

ಅಳತೆಗೋಲನ್ನು ಮತ್ತೆ ಮುಂದಿಟ್ಟೆ. ಈ ಸಲ ‘ಮೂರು’ ಅಂದ, ಅಂದು ನನ್ನ ಮುಖ ನೋಡಿದ. ಬೈಗುಳ ಬರುತ್ತದೆ ಎಂದು ಕಾದಿರಬೇಕು. ‘ಮೂರೇ ಯಾಕೆ, ಒಂದು ಯಾಕಲ್ಲ?’ ಎಂದೆ.

ಈ ಪ್ರಶ್ನೆ ನನ್ನದಲ್ಲ. ಕುಡಿತದ ಸಮಸ್ಯೆ ಇರುವವರ ಜೊತೆ ವಾದಕ್ಕಿಳಿದಷ್ಟೂ ಅವರು ಕುಡಿತದ ಪರ ವಕೀಲರಾಗುತ್ತಾರೆ ಎಂಬುದನ್ನು ಗಮನಿಸಿ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1983ರಲ್ಲಿ ಬೇರೊಂದು ಬಗೆಯ ಮಾತುಕತೆಯನ್ನು ಬರೆದಿಟ್ಟರು. ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಅದನ್ನು ಬೆಳೆಸಿದರು. ‘ಹತ್ತು ಯಾಕಲ್ಲ’ ಎಂದು ಕೇಳಿದರೆ ಆತ ಬಿಡದಿರಲು ಕಾರಣ ಕೊಡುತ್ತಾನೆ. ‘ಒಂದು ಯಾಕಲ್ಲ’ ಎಂದು ಕೇಳಿದರೆ ಬಿಡಲು ಇರುವ ಕಾರಣ ಅವನ ಬಾಯಿಂದಲೇ ಹೊರಡುತ್ತದೆ. ತಂತ್ರ ಇಷ್ಟೇ. ಆದರೆ ಪ್ರಶ್ನೆ ಹಾಕಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರುವುದಿದೆಯಲ್ಲ, ನನಗೆ ಅದು ಈಗಲೂ ಕಷ್ಟ.

ಸುಮಾರು ಹೊತ್ತು ಬಿಟ್ಟು ಹೇಳಿದ: ‘ಆ ಏರು ರಸ್ತೆ ನೀವು ನೋಡಿದ್ದೀರಲ್ಲ. ಹಿಂದೆ ಮಕ್ಕಳನ್ನ ಕೂರಿಸಿಕೊಂಡು ಹತ್ತುವಾಗ ಒಂದೊಂದು ದಿನ ಕೈ ನನ್ನದಲ್ಲ ಅನ್ನಿಸ್ತದೆ.’

‘ಕುಡಿದು ಓಡಿಸೋದಿಲ್ಲ ಅಂದಿರಲ್ಲ?’

‘ಕುಡಿದಿರೋದು ರಾತ್ರಿ ಅಲ್ವಾ.’

ಕಾಗದ, ಪೆನ್ನು ಅವನ ಕೈಗೇ ಕೊಟ್ಟೆ. ರಾತ್ರಿ 9ಕ್ಕೆ ಶುರು, 12ಕ್ಕೆ ಮುಗಿತಾಯ, ಜೀಪು ಹೊರಡುವುದು ನಸುಕಿನ 4ಕ್ಕೆ. ಅವನ ತೂಕ 62 ಕಿಲೋ. ಒಂದೂವರೆ ಕ್ವಾರ್ಟರ್‌ನಲ್ಲಿ ಸುಮಾರು 90 ಗ್ರಾಂ ಮದ್ಯಸಾರ, ಅಷ್ಟೂ ರಕ್ತಕ್ಕಿಳಿದರೆ 100 ಮಿ.ಲೀ.ಗೆ 215 ಮಿ.ಗ್ರಾಂ. ಆಸುಪಾಸು. ದೇಹ ಅದನ್ನು ಗಂಟೆಗೆ ಸರಾಸರಿ 15ರಂತೆ ಕರಗಿಸುತ್ತದೆ. ಮಜ್ಜಿಗೆ, ಲಿಂಬೆಹಣ್ಣು, ತಣ್ಣೀರು ಸ್ನಾನ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಏಳು ಗಂಟೆಗೆ 105 ಕಳೆಯಿತು, ಉಳಿದದ್ದು ನೂರರ ಮೇಲೆ. ಮೋಟಾರು ವಾಹನ ಕಾಯ್ದೆಯ ಮಿತಿ 30. ಒಂದೇ ಕ್ವಾರ್ಟರ್‌ಗೆ ಹಾಕಿ ನೋಡಿದ, 40ರ ಹತ್ತಿರ ಬಂತು. ಇದು ಅಂದಾಜಿನ ಲೆಕ್ಕ, ಊಟ, ಮೈಕಟ್ಟು ನೋಡಿ ಹೆಚ್ಚುಕಡಿಮೆ ಆಗುತ್ತದೆ ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಕಾಗದವನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂಬುದು ಅವನಿಗೆ ಗೊತ್ತೇ ಇತ್ತು. ಅದಕ್ಕೆ ಹೆದರಿದ ಹಾಗೆ ಕಾಣಲಿಲ್ಲ. ‘ಎರಡು ಸೀಸನ್ನು’ ಎಂದಷ್ಟೇ ಅಂದ. ಕಾಗದವನ್ನು ಮಡಚಿ ಶರ್ಟಿನ ಜೇಬಿಗಿಟ್ಟುಕೊಂಡ.

ನಾಲ್ಕು ಕುಡಿತ, ನಾಲ್ಕು ಅಂಕಿ

ಪ್ರೊಚಾಸ್ಕ ಮತ್ತು ಡಿಕ್ಲೆಮೆಂಟೆ ಎಂಬಿಬ್ಬರು 1983ರಲ್ಲಿ ಸಿಗರೇಟು ಬಿಡುವವರನ್ನು ಅಧ್ಯಯನ ಮಾಡಿ, ಬದಲಾವಣೆ ಹಂತಹಂತವಾಗಿ ಬರುತ್ತದೆ ಎಂದರು. ಯೋಚನೆಯೇ ಇಲ್ಲದ ಹಂತ, ಯೋಚಿಸುವ ಹಂತ, ತಯಾರಿ, ಕ್ರಿಯೆ, ಉಳಿಸಿಕೊಳ್ಳುವುದು. ನಮ್ಮ ಕೋಣೆಯ ಗೋಡೆಯ ಮೇಲೂ ಆ ಚಿತ್ರವಿದೆ. ಗೋಡೆಗೆ ಅದು ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಈ ಹುಡುಗ ಒಂದೇ ದಿನ ಮೂರು ಹಂತಗಳಲ್ಲಿ ನಿಂತಿದ್ದ, ಏಕೆಂದರೆ ಅವನ ಕುಡಿತ ಒಂದಾಗಿರಲಿಲ್ಲ. ಹಿಂದಿನ 28 ದಿನದಲ್ಲಿ ಕುಡಿದ 11 ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಎಲ್ಲಿ, ಯಾರ ಜೊತೆ ಎಂದು ಬರೆಸಿದಾಗ ಇದು ಕಣ್ಣಿಗೆ ಬಿತ್ತು. ಒಂದೊಂದಕ್ಕೂ ಬೇರೆ ಬೇರೆ ಅಂಕಿ ಕೇಳಿದೆ.

ಮೊದಲನೆಯದು ಕ್ಯಾಂಪ್‌ಫೈರ್ ಕುಡಿತ. ಹೋಂಸ್ಟೇಗೆ ಬಂದವರು ರಾತ್ರಿ ಬೆಂಕಿ ಹಾಕಿ ಕೂರುತ್ತಾರೆ, ನಾಳೆಯ ಜೀಪಿನ ಮಾತಿಗೆ ಇವನನ್ನು ಕರೆಯುತ್ತಾರೆ, ‘ಬ್ರೋ, ಒಂದು ಹಾಕು’ ಅನ್ನುತ್ತಾರೆ. ಬೇಡ ಅಂದರೆ ಟಿಪ್ಸ್ ಹೋದೀತು. ಬಿಡುವುದು ಎಷ್ಟು ಮುಖ್ಯ? ಮೂರಿದ್ದದ್ದು ಆ ಕಾಗದದ ನಂತರ ಎಂಟಾಯಿತು. ಧೈರ್ಯ ನಾಲ್ಕು. ಈ ನಾಲ್ಕು ನನಗೆ ಇಷ್ಟವಾಯಿತು, ಮೊದಲ ದಿನದ ಒಂಬತ್ತಿಗಿಂತ ಗಟ್ಟಿಯಾಗಿತ್ತು.

ಎರಡನೆಯದು ಶನಿವಾರ ಗೆಳೆಯರ ಜೊತೆ ಪಾರ್ಸೆಲ್ ತಂದು ಹೊಳೆ ದಂಡೆಯಲ್ಲಿ ಕೂರುವುದು. ಮುಖ್ಯ: ನಾಲ್ಕು.

ಮೂರನೆಯದು ಮದುವೆ, ಹಬ್ಬ. ಇಲ್ಲಿ ಕೊಡಗಿನ ಮಾತು ಸ್ವಲ್ಪ ಹೇಳಬೇಕು. ಇವನ ಮನೆಯಲ್ಲಿ ಮದ್ಯ ಒಳಗೆ ಬರುವುದಿಲ್ಲ. ಆದರೆ ಗೆಳೆಯರಲ್ಲಿ ಕೊಡವರಿದ್ದಾರೆ, ಅರೆಭಾಷೆ ಗೌಡರಿದ್ದಾರೆ. ಆ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವಾಗ ಮದ್ಯವನ್ನೂ ಇಡುತ್ತಾರೆ, ಮದುವೆಗೆ ಬಂದವರಿಗೆ ಗ್ಲಾಸು ಕೊಡುವುದು ಮರ್ಯಾದೆ. ಹೊರಗಿನವರು ಇದನ್ನೇ ಹಿಡಿದು ‘ಕೊಡಗಿನವರೆಂದರೆ ಕುಡಿಯುವವರು’ ಎಂದು ನಗುವುದುಂಟು. ನಾನು ಕಂಡಂತೆ ಅಲ್ಲಿ ಹಿರಿಯರ ಕಣ್ಣೆದುರಿನ ಕುಡಿತಕ್ಕೆ ಒಂದು ಅಂಕೆಯಿರುತ್ತದೆ, ತಟ್ಟೆಯಲ್ಲಿ ಪಂದಿ ಕರಿ, ಕಡಂಬುಟ್ಟು ಇರುತ್ತದೆ. ಊಟ ಬಿಟ್ಟು ಕಾರಿನ ಡಿಕ್ಕಿ ತೆರೆದು ನಿಲ್ಲುವ ಹುಡುಗರಿಗೆ ಆ ಅಂಕೆ ಇಲ್ಲ. ಈ ಕುಡಿತಕ್ಕೆ ಅವನು ಕೊಟ್ಟ ಅಂಕಿ ಒಂದು. ‘ಪುತ್ತರಿಗೆ ಕರೆದಾಗ ಗ್ಲಾಸು ಬೇಡ ಅಂದ್ರೆ ನೀವೇ ಬೇಡ ಅಂದ ಹಾಗೆ ಮೇಡಂ.’ ನಾನು ವಾದಿಸಲಿಲ್ಲ. ಮಾವನ ಆಣೆ ಯಾಕೆ ಒಳಗಿಳಿದಿರಲಿಲ್ಲ ಎಂಬುದು ಆಗ ತಿಳಿಯಿತು. ಕುಡಿತ ಬಿಡು ಅಂದಾಗ ಅವನಿಗೆ ಕೇಳಿಸುತ್ತಿದ್ದದ್ದು, ಪಂಕ್ತಿಯಿಂದ ಎದ್ದು ಹೋಗು ಎಂದು.

ನಾಲ್ಕನೆಯದನ್ನು ಅವನು ಹೇಳಿರಲಿಲ್ಲ, ನಾನು ಕೇಳಿದೆ. ಮಳೆಗಾಲದಲ್ಲಿ? ಜೂನ್, ಜುಲೈಯಲ್ಲಿ ಬಾಡಿಗೆ ಇರುವುದಿಲ್ಲವಲ್ಲ. ‘ಮನೇಲೇ ಇರ್ತೇನೆ. ಚಳಿಗೆ ಸ್ವಲ್ಪ.’ ಚಳಿಗೆ ಹಾಕಿದ ಪೆಗ್ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದಂತೆ ತೋರಿಸುತ್ತದೆ, ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ ಎಂದು ವಿವರಿಸಿದೆ. ಪಾಠ ಮಾಡುವ ಚಟ ನನಗೂ ಬಿಟ್ಟಿಲ್ಲ. ಯಾರ ಜೊತೆ ಎಂದು ಕೇಳಿದೆ. ‘ಒಬ್ಬನೇ.’ ಅಂಕಿ? ಕಿಟಕಿಯ ಹೊರಗೆ ನೋಡಿದ. ಅಂಕಿ ಕೊಡಲಿಲ್ಲ. ಜಾಗ ಖಾಲಿ ಬಿಟ್ಟೆ.

ಮೊದಲನೆಯದನ್ನು ಹಿಡಿದು ಹೊರಟೆವು. ಟಿಪ್ಸ್ ಹೋಗದಂತೆ ಬೇಡ ಅನ್ನುವುದು ಹೇಗೆ ಎಂಬುದಕ್ಕೆ ನಾನು ಹೇಳಿದ ಉಪಾಯಗಳು ಪೇಲವವಾಗಿದ್ದವು: ಮಾತ್ರೆ ತಗೊಳ್ತಿದ್ದೇನೆ ಅನ್ನಿ, ಹೊಟ್ಟೆ ಸರಿಯಿಲ್ಲ ಅನ್ನಿ. ಅವನೇ ಒಂದನ್ನು ಕಂಡುಕೊಂಡ. ಗ್ಲಾಸು ಚಾಚಿದವರಿಗೆ ‘ಸರ್, ನಾಲ್ಕು ಗಂಟೆಗೆ ನಿಮ್ಮ ಫ್ಯಾಮಿಲಿನ ಬೆಟ್ಟ ಹತ್ತಿಸೋನು ನಾನೇ’ ಅನ್ನುವುದು. ಮೊದಲ ಸಲ ಹೀಗೆ ಅಂದಾಗ ಗ್ಲಾಸು ಚಾಚಿದವರ ಹೆಂಡತಿಯೇ ಬಾಟಲಿ ಎತ್ತಿ ಆಚೆ ಇಟ್ಟರಂತೆ. ಟಿಪ್ಸ್ ಹೆಚ್ಚೇ ಬಂತು. ಡಿಸೆಂಬರಿನ ಕೊನೆಯ ವಾರ, ಹೋಂಸ್ಟೇಗಳು ತುಂಬಿ ತುಳುಕುವ ದಿನಗಳಲ್ಲೂ ಟ್ರಿಪ್ಪಿನ ಹಿಂದಿನ ರಾತ್ರಿ ಅವನು ಮುಟ್ಟಲಿಲ್ಲ.

ಫೆಬ್ರವರಿಯಲ್ಲಿ ಗೆಳೆಯನ ಮದುವೆ. ಲೆಕ್ಕವಿಲ್ಲದಷ್ಟು ಕುಡಿದ. ರಾತ್ರಿ ಹನ್ನೊಂದಕ್ಕೆ ಮಾಲೀಕನಿಗೆ ಫೋನ್ ಮಾಡಿ, ‘ನಾಳೆ ನನ್ನಿಂದ ಆಗಲ್ಲಣ್ಣ, ಬೇರೆಯವರನ್ನ ಕಳಿಸಿ’ ಅಂದು, ಕೀಯನ್ನು ಇನ್ನೊಬ್ಬ ಡ್ರೈವರ್ ಕೈಗೆ ಕೊಟ್ಟು ಮಲಗಿದ. ಅವ್ವ ನನಗೆ ಫೋನ್ ಮಾಡಿ ಅತ್ತರು: ಮತ್ತೆ ಶುರುವಾಯ್ತು, ಎಲ್ಲ ನೀರಿಗೆ ಹೋಯ್ತು. ಮಾಲೀಕನೂ ಮಾಡಿದ: ಒಂದು ಬಾಡಿಗೆ ಹೋಯ್ತು ನಿಜ, ಆದ್ರೆ ಆ ಹುಡುಗ ಈಗ ನಂಬಿಕಸ್ಥ. ಒಂದೇ ರಾತ್ರಿಗೆ ಎರಡು ವರದಿ. ನಾನು ಇಬ್ಬರಿಗೂ ಏನನ್ನೂ ಹೇಳುವಂತಿರಲಿಲ್ಲ. ಟಿಪ್ಪಣಿಯಲ್ಲಿ ಮಾಲೀಕನ ವರದಿಯ ಕೆಳಗೆ ಗೆರೆ ಎಳೆದೆ.

ಆಡಿಟ್ ಪ್ರಶ್ನೆಗಳು ಬಹುಪಾಲು ಕಳೆದ ಒಂದು ವರ್ಷದ ಬಗ್ಗೆ ಕೇಳುತ್ತವೆ, ಮೂರು ತಿಂಗಳಿಗೇ ಮತ್ತೆ ಹಾಕಿ ‘ಅಂಕ ಇಳಿಯಿತು’ ಅನ್ನುವುದು ಸರಿಯಲ್ಲ. ಅದಕ್ಕೆ ಕ್ಯಾಲೆಂಡರನ್ನೇ ನೋಡಿದೆವು. ಮಾರ್ಚಿನ 28 ದಿನದಲ್ಲಿ ಕುಡಿದದ್ದು 5 ದಿನ, ಟ್ರಿಪ್ಪಿನ ಹಿಂದಿನ ರಾತ್ರಿ ಸೊನ್ನೆ. ಶನಿವಾರದ ಹೊಳೆ ದಂಡೆ ತಾನಾಗಿಯೇ ತೆಳುವಾಗಿತ್ತು, ಭಾನುವಾರ ನಸುಕಿಗೆ ಬಾಡಿಗೆ ಇರುತ್ತಿತ್ತಲ್ಲ. ಅದರ ಬಗ್ಗೆ ನಾವಿಬ್ಬರೂ ಹೆಚ್ಚು ಮಾತೇ ಆಡಿರಲಿಲ್ಲ.

ಮಳೆ

ಏಪ್ರಿಲ್, ಮೇ ಫೋನಿನಲ್ಲಿ ಕಳೆಯಿತು. ಜೂನಿನಲ್ಲಿ ಫೋನೂ ಇಲ್ಲ. ಜುಲೈ ಮೂರನೇ ವಾರ, ಹೊರಗೆ ಧೋ ಎಂದು ಸುರಿಯುವಾಗ, ಅರ್ಧ ನೆನೆದು ಬಂದ. ಯಾರೂ ಕಳಿಸಿರಲಿಲ್ಲ. ಕ್ಯಾಲೆಂಡರ್ ಅವನೇ ಮುಂದಿಟ್ಟ: 28ರಲ್ಲಿ 9 ದಿನ, ಅದರಲ್ಲಿ 6 ದಿನ ಒಬ್ಬನೇ.

2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಅವನು ಮಕ್ಕಂದೂರು ಕಡೆಯ ಅಜ್ಜಿ ಮನೆಯಲ್ಲಿದ್ದ, ವಯಸ್ಸು 17. ರಾತ್ರಿ ಕತ್ತಲಲ್ಲಿ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ಬಂದಿದ್ದ. ಬೆಳಗ್ಗೆ ನೋಡಿದರೆ ತೋಟವಿದ್ದ ಜಾಗದಲ್ಲಿ ಕೆಂಪು ಮಣ್ಣು. ಜನಕ್ಕೆ ಏನೂ ಆಗಲಿಲ್ಲ, ಆದ್ದರಿಂದ ಮನೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ. ‘ಜೋರು ಮಳೆ ಬಂದ್ರೆ ನಿದ್ದೆ ಬರಲ್ಲ. ಸದ್ದು ಕೇಳ್ತಾ ಕೂತಿರ್ತೇನೆ. ಮಳೆಯದ್ದಾ, ಮಣ್ಣಿಂದಾ ಅಂತ. ಹಾಕಿದ್ರೆ ನಿದ್ದೆ ಬರ್ತದೆ.’ ಬಂದ ನಿದ್ದೆ ಎಷ್ಟು ಹೊತ್ತಿಗೆ ಒಡೆಯುತ್ತದೆ ಎಂದು ಕೇಳಿದೆ. ‘ಎರಡಕ್ಕೆ. ಆಮೇಲೆ ಮೊದಲಿಗಿಂತ ಕಷ್ಟ.’ ಮದ್ಯ ಬೇಗ ಮಲಗಿಸುತ್ತದೆ, ರಾತ್ರಿಯ ಎರಡನೇ ಭಾಗವನ್ನು ಕೆಡಿಸುತ್ತದೆ. ಇದನ್ನು ನಾನು ಹೇಳಬೇಕಾಗಿರಲಿಲ್ಲ, ಅವನೇ ಹೇಳಿ ಮುಗಿಸಿದ್ದ.

ನವೆಂಬರಿನಲ್ಲಿ ಖಾಲಿ ಬಿಟ್ಟಿದ್ದ ಜಾಗವನ್ನು ತೋರಿಸಿದೆ. ತುಂಬ ಹೊತ್ತು ನೋಡಿ ‘ಎರಡು’ ಎಂದು ಬರೆದ.

‘ಸೊನ್ನೆ ಯಾಕಲ್ಲ?’

‘ಸೊನ್ನೆ ಆಗಿದ್ರೆ ಈ ಮಳೇಲಿ ಬಸ್ ಹತ್ತಿ ಬರ್ತಿರಲಿಲ್ಲ.’

ಇದು ನನ್ನೊಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಮದ್ಯದ ಕೆಳಗೆ ಮಳೆಯ ಭಯವಿದೆ, ಅದಕ್ಕೆ ಮನೋವೈದ್ಯರು ಬೇಕು. ಮಡಿಕೇರಿಗೆ ಪತ್ರ ಬರೆದುಕೊಟ್ಟೆ. ರಾತ್ರಿ ಎರಡಕ್ಕೆ ಎಚ್ಚರವಾದಾಗ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ನ್ನು ಅವನ ಫೋನಿನಲ್ಲಿ ಹಾಕಿಸಿದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮನೋವೈದ್ಯರನ್ನು ಒಮ್ಮೆ ನೋಡಿ ಬಂದಿದ್ದಾನೆ, ಎರಡನೇ ಸಲದ್ದು ತಪ್ಪಿಸಿದ್ದಾನೆ. ಸೆಪ್ಟೆಂಬರ್ 3ರ ಕೊಡವರ ಹಬ್ಬ ಕೈಲ್‌ಪೊಳ್ದ್‌ಗೆ ಗೆಳೆಯನ ಮನೆಗೆ ಹೋಗುತ್ತೇನೆ, ಕುಡಿಯುತ್ತೇನೆ, ಮರುದಿನ ಬಾಡಿಗೆ ಹಿಡಿದಿಲ್ಲ ಎಂದು ಮೊದಲೇ ತಿಳಿಸಿದ್ದಾನೆ. ಮುಂದಿನ ಭೇಟಿ ಹಬ್ಬ ಕಳೆದ ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ. ಅವ್ವನೂ ಬರುತ್ತಾರಂತೆ. ಆ ರಾತ್ರಿ ಅಜ್ಜಿಯನ್ನು ಹೊತ್ತು ತಂದದ್ದನ್ನು ಅವ್ವನ ಎದುರು ಒಮ್ಮೆ ಹೇಳಬೇಕು ಎಂದು ಅವನೇ ಕರೆದಿದ್ದಾನೆ.